ಬಿಸಿಲಲ್ಲೇ ಕೆಲಸ ಮಾಡೋ ನಾನು ಮೈಕ್ರೋಡರ್ಮಾಬ್ರೇಷನ್ ಮಾಡಿಸ್ಕೊಂಡ ಅನುಭವ

ಮೈಕ್ರೋಡರ್ಮಾಬ್ರೇಷನ್ ಅಂದ್ರೆ ಮುಖದ ಮೇಲಿನ ಸತ್ತ ಚರ್ಮಾನ ಮೆಷಿನಲ್ಲಿ ಮೆಲ್ಲಗೆ ಉಜ್ಜಿ ತೆಗೆಯೋದು. ಮೊನ್ನೆ ನನ್ನ ಕೊನೇ ಸಿಟ್ಟಿಂಗ್ ಮುಗೀತು. ಶುರು ಮಾಡೋಕೆ ಮುಂಚೆ ಕನ್ನಡದಲ್ಲಿ ಇದರ ಬಗ್ಗೆ ಎಷ್ಟು ಹುಡುಕಿದ್ರೂ ಸಿಕ್ಕಿದ್ದೆಲ್ಲ ಜಾಹೀರಾತೇ, ಮುಖ ಕನ್ನಡಿ ತರ ಹೊಳೆಯುತ್ತೆ, ವಯಸ್ಸೇ ಗೊತ್ತಾಗಲ್ಲ ಅಂತ. ಮಾಡಿಸ್ಕೊಳ್ಳೋಕೆ ಮುಂಚೆ ಯಾವ ಕ್ರೀಮ್ ನಿಲ್ಲಿಸ್ಬೇಕು, ಎಷ್ಟು ಕಾಯ್ಬೇಕು, ಯಾರ ಕೈಲಿ ಮಾಡಿಸ್ಬೇಕು, ಬಿಸಿಲಲ್ಲಿ ದುಡಿಯೋರು ಏನು ಮಾಡ್ಬೇಕು ಅಂತ ಯಾರೂ ಬರ್ದಿರ್ಲಿಲ್ಲ. ಅದಕ್ಕೆ ಎಲ್ಲ ನೆನಪಿರುವಾಗ್ಲೇ ಬರ್ದು ಹಾಕ್ತಿದ್ದೀನಿ, ಉದ್ದ ಆದ್ರೂ ಪೂರ್ತಿ ಓದಿ, ದುಡ್ಡು ಕಟ್ಟೋಕೆ ಮುಂಚೆ ಓದಿ.

ನಾನು ದಾವಣಗೆರೇಲಿ ಒಂದು ಹೈಸ್ಕೂಲಲ್ಲಿ ಪಿಟಿ ಟೀಚರ್. ಬೆಳಗ್ಗೆ ಪ್ರಾರ್ಥನೆಯಿಂದ ಹಿಡಿದು ಸಂಜೆ ಮಕ್ಕಳ ಖೋ ಖೋ ಪ್ರಾಕ್ಟೀಸ್ ಮುಗಿಯೋವರ್ಗೂ ಮೈದಾನದಲ್ಲೇ ಇರ್ತೀನಿ. ಆಗಸ್ಟ್ ಸೆಪ್ಟೆಂಬರ್ ಬಂತು ಅಂದ್ರೆ ಕ್ರೀಡಾಕೂಟ ಒಂದರ ಹಿಂದೆ ಒಂದು, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಇಡೀ ದಿನ ಸೀಟಿ ಊದ್ಕೊಂಡು ಬಿಸಿಲಲ್ಲಿ ನಿಂತಿರೋದು. ಕಾಲೇಜ್ ದಿನಗಳಲ್ಲಿ ವಿಪರೀತ ಮೊಡವೆ ಬಂದಿತ್ತು, ಅದು ಹೋಗ್ತಾ ಎರಡೂ ಕೆನ್ನೆ ಮೇಲೆ ಕಂದು ಕಲೆ, ಅಲ್ಲಲ್ಲಿ ಸಣ್ಣ ಗುಳಿ ಬಿಟ್ಟು ಹೋಯ್ತು. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್ಸ್, ಹಣೆ ಮುಟ್ಟಿದ್ರೆ ಒರಟು, ಕ್ಯಾಪ್ ಹಾಕೋ ಜಾಗದ ಕೆಳಗೆ ಬೇರೆ ಬಣ್ಣ ಮೇಲೆ ಬೇರೆ ಬಣ್ಣ. ತಮ್ಮನ ಮದುವೆ ಫಿಕ್ಸ್ ಆಯ್ತು ಫೆಬ್ರವರಿಗೆ, ಅವಾಗ ಗಟ್ಟಿ ಮನಸ್ಸು ಮಾಡ್ದೆ, ಈ ಸಲ ಸರಿಯಾಗಿ ಟ್ರೀಟ್‌ಮೆಂಟ್ ತಗೊಳ್ಳೋದೇ ಅಂತ.

ಮೊದಲು ಹೋಗಿದ್ದು ಮಾಮೂಲಿ ಹುಬ್ಬು ಥ್ರೆಡಿಂಗ್ ಮಾಡಿಸೋ ಪಾರ್ಲರ್‌ಗೆ ವಿಚಾರಿಸೋಕೆ. ಡೈಮಂಡ್ ಪಾಲಿಶಿಂಗ್ ಅಂತ ಮಾಡ್ತೀವಿ ಮೇಡಂ, ಅದೇ ಇದು, ಇವತ್ತೇ ಕೂತ್ಕೊಳ್ಳಿ ಅಂದ್ರು. ನನ್ನ ಗದ್ದದ ಮೇಲೆ ಆಗ ಕೀವು ತುಂಬಿದ ಮೊಡವೆ ಇತ್ತು, ಅದನ್ನ ಯಾರೂ ನೋಡ್ಲೂ ಇಲ್ಲ ಕೇಳ್ಲೂ ಇಲ್ಲ. ಅದಕ್ಕೇ ಮನಸ್ಸು ಒಪ್ಪಲಿಲ್ಲ, ಸ್ಕಿನ್ ಡಾಕ್ಟರ್ ಹತ್ರಾನೇ ಹೋಗೋಣ ಅಂತ ಎದ್ದು ಬಂದೆ. ಇಲ್ಲಿ ಒಂದು ಮಾತು. ಬೋರ್ಡ್ ಮೇಲೆ ಸ್ಕಿನ್ ಕ್ಲಿನಿಕ್, ಕಾಸ್ಮೆಟಿಕ್ ಸೆಂಟರ್ ಅಂತ ಬರ್ದಿದ್ರೆ ಒಳಗೆ ಚರ್ಮರೋಗ ತಜ್ಞರೇ ಇರ್ತಾರೆ ಅಂತ ಅಂದ್ಕೋಬೇಡಿ. ಎಂಬಿಬಿಎಸ್ ಆದ್ಮೇಲೆ ಡರ್ಮಟಾಲಜಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿರ್ಬೇಕು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಅವರ ಚೀಟಿ ಮೇಲೆ ಇರ್ಬೇಕು. ಕೇಳೋಕೆ ಸಂಕೋಚ ಆದ್ರೆ ಚೀಟಿ ತಿರುಗಿಸಿ ನೋಡ್ಕೊಳ್ಳಿ.

ಸಂಜೆ ಟೋಕನ್ ತಗೊಂಡು ಕೂತೋಳು ಒಳಗೆ ಹೋಗೋಷ್ಟೊತ್ತಿಗೆ ಕತ್ತಲಾಗಿತ್ತು. ಡಾಕ್ಟರ್ ಮೇಡಂ ಮುಖ ನೋಡಿ, ಬೆರಳಲ್ಲಿ ಕೆನ್ನೆ ಎಳೆದು ನೋಡಿ, ಏನು ಕೆಲಸ ಮಾಡ್ತೀಯಮ್ಮ ಅಂದ್ರು. ಹೇಳ್ದೆ. ಈಗ ಆಗಲ್ಲ ಅಂದ್ಬಿಟ್ರು. ನನಗೆ ತುಂಬಾ ಬೇಜಾರಾಯ್ತು, ಮದುವೆ ಇದೆ ಮೇಡಂ ಅಂತ ಹೇಳ್ದೆ, ಆದ್ರೂ ಒಪ್ಪಲಿಲ್ಲ. ಕೀವಿರೋ ಮೊಡವೆ ಮೇಲೆ ಮೆಷಿನ್ ಓಡಿಸಿದ್ರೆ ಸೋಂಕು ಪಕ್ಕಕ್ಕೆ ಹರಡುತ್ತೆ, ಗಾಯ ಆಗುತ್ತೆ, ಇನ್ನಷ್ಟು ಕಲೆ ಬೀಳುತ್ತೆ. ಬಿಸಿಲಿಗೆ ಸುಟ್ಟಿರೋ ಚರ್ಮದ ಮೇಲೆ ಮಾಡಿದ್ರೂ ಅಷ್ಟೇ. ಮೇಲಾಗಿ ಕ್ರೀಡಾಕೂಟದ ಸೀಸನ್. ಮೊದಲು ಮೊಡವೆ ಒಣಗಲಿ, ಸನ್‌ಸ್ಕ್ರೀನ್ ಅಭ್ಯಾಸ ಆಗಲಿ, ದಸರಾ ರಜೆಗೆ ಬಾ ಶುರು ಮಾಡೋಣ ಅಂದ್ರು. ರಾತ್ರಿ ಹಚ್ಚೋಕೆ ಅಡಾಪಲೀನ್ ಅನ್ನೋ ಮೊಡವೆ ಜೆಲ್, ಹಗಲಿಗೆ ಎಸ್‌ಪಿಎಫ್ 50 ಇರೋ ಸನ್‌ಸ್ಕ್ರೀನ್ ಬರ್ಕೊಟ್ರು. ಕನ್ಸಲ್ಟೇಷನ್ 400 ರೂಪಾಯಿ.

ಹೋಗೋವಾಗ ಇನ್ನೊಂದು ಮಾತು ಹೇಳಿದ್ರು, ಮುಂದಿನ ಸಲ ಬರೋವಾಗ ಮನೇಲಿ ಮುಖಕ್ಕೆ ಏನೇನು ಹಚ್ತೀಯೋ ಎಲ್ಲ ಟ್ಯೂಬು ಡಬ್ಬಿ ಒಂದು ಕವರಲ್ಲಿ ಹಾಕ್ಕೊಂಡು ಬಾ ಅಂತ. ಇದು ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಯ್ತು. ಆ ಕವರಲ್ಲಿ ನಮ್ಮ ಸಹೋದ್ಯೋಗಿ ಒಬ್ರು ಪ್ರೀತಿಯಿಂದ ಕೊಟ್ಟಿದ್ದ ಬೆಳ್ಳಗಾಗೋ ಕ್ರೀಮ್ ಒಂದಿತ್ತು, ಇನ್ನೂ ಸೀಲ್ ಒಡೆದಿರ್ಲಿಲ್ಲ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತ ಇತ್ತು. ಮೊಮೆಟಾಸೋನ್ ಅಂದ್ರೆ ಸ್ಟಿರಾಯ್ಡ್. ಡಾಕ್ಟರ್ ಬರ್ಕೊಟ್ಟು ಇಂತಿಷ್ಟು ವಾರ ಅಂತ ಹೇಳಿದ್ರೆ ಅದು ಔಷಧಿ, ನಾವೇ ಮೆಡಿಕಲ್ ಶಾಪಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಕೆಂಪು ನರ ಕಾಣುತ್ತೆ, ಕೂದಲು ಬೆಳೆಯುತ್ತೆ, ಬಿಟ್ಟ ತಕ್ಷಣ ಮುಖ ಉರಿದು ಮೊಡವೆ ಏಳುತ್ತೆ. 2018ರಲ್ಲೇ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ, ಆದ್ರೂ ಕೈಯಿಂದ ಕೈಗೆ ದಾಟ್ತಾನೇ ಇದೆ. ಅಷ್ಟು ದಿನ ಅದನ್ನ ಹಚ್ಚಿ ತೆಳ್ಳಗಾದ ಮುಖದ ಮೇಲೆ ಮೆಷಿನ್ ಇಟ್ರೆ ಸಿಪ್ಪೆ ಸುಲಿದ ಹಾಗಾಗುತ್ತೆ ಅಂದ್ರು ಮೇಡಂ. ಮಾರನೇ ದಿನ ಸ್ಟಾಫ್ ರೂಮಲ್ಲಿ ಆ ಸಹೋದ್ಯೋಗಿಗೆ ಇದನ್ನೆಲ್ಲ ಹೇಳ್ದೆ, ಅವರೂ ಅದೇ ಡಾಕ್ಟರ್ ಹತ್ರ ಹೋಗಿ ತೋರಿಸ್ಕೊಂಡ್ರು, ಈಗ ನಿಧಾನಕ್ಕೆ ಬಿಡಿಸ್ತಾ ಇದ್ದಾರೆ.

ದಸರಾವರ್ಗೂ ಕಾದೆ. ಈ ಕಾಯೋ ಸಮಯ ವ್ಯರ್ಥ ಅನ್ನಿಸ್ತಿತ್ತು, ಆದ್ರೆ ಆ ಕೆಲವು ವಾರದಲ್ಲೇ ಬರೀ ಸನ್‌ಸ್ಕ್ರೀನ್‌ನಿಂದ ಹಣೆ ಬಣ್ಣ ಸ್ವಲ್ಪ ಸಮ ಆಯ್ತು. ಹಚ್ಚೋ ಪ್ರಮಾಣ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೆ ಬರೀತೀನಿ, ತೋರುಬೆರಳು ನಡುಬೆರಳು ಎರಡರ ಉದ್ದಕ್ಕೂ ಟ್ಯೂಬ್ ಹಿಂಡಿ ಅಷ್ಟನ್ನೂ ಮುಖ ಕತ್ತಿಗೆ ಹಚ್ಬೇಕು, ಕಾಳಿನಷ್ಟು ಹಚ್ಚಿದ್ರೆ ಏನೂ ಉಪಯೋಗ ಇಲ್ಲ. ಬೆವರಿದ್ರೆ, ಮುಖ ಒರೆಸ್ಕೊಂಡ್ರೆ ಮತ್ತೆ ಹಚ್ಬೇಕು, ಬಿಸಿಲಲ್ಲಿದ್ರೆ ಎರಡು ಗಂಟೆಗೊಮ್ಮೆ. ಸೀಟಿ ಜೊತೆ ಟ್ಯೂಬೂ ಜೇಬಲ್ಲಿ ಇಟ್ಕೊಳ್ಳೋದು ರೂಢಿ ಆಯ್ತು. ಮಕ್ಕಳು ಮಿಸ್ ಮುಖ ಬೆಳ್ಳಗೆ ಸುಣ್ಣ ಬಳ್ದಂಗಿದೆ ಅಂತ ಮೊದಮೊದಲು ಪಿಸುಗುಟ್ಟುತ್ತಿದ್ರು, ನಾನು ಅವರಿಗೂ ಬಿಸಿಲು ಚರ್ಮಕ್ಕೆ ಏನು ಮಾಡುತ್ತೆ ಅಂತ ಹೇಳ್ಕೊಟ್ಟೆ, ಆಮೇಲೆ ಸುಮ್ನಾದ್ರು. ನನ್ನಂಥೋರಿಗೆ 50 ಗ್ರಾಂ ಟ್ಯೂಬ್ ಒಂದು ತಿಂಗಳೂ ಬರಲ್ಲ, ಒಂದಕ್ಕೆ 600ರ ಹತ್ತಿರ. ಟ್ರೀಟ್‌ಮೆಂಟ್ ಖರ್ಚು ಲೆಕ್ಕ ಹಾಕೋವಾಗ ಇದನ್ನ ಮೊದಲ ಸಾಲಲ್ಲೇ ಬರ್ಕೊಳ್ಳಿ.

ಈಗ ಇದು ಏನು ಅನ್ನೋದು, ನನಗೆ ಡಾಕ್ಟರ್ ಹೇಳಿದ ಹಾಗೆ. ನಮ್ಮ ಚರ್ಮದ ಅತೀ ಮೇಲಿನ ಪದರ ಸತ್ತ ಜೀವಕೋಶಗಳದ್ದು, ಕೂದಲಿಗಿಂತ ತೆಳು. ಕೆಳಗಿಂದ ಹೊಸ ಕೋಶ ಹುಟ್ಟಿ ಮೇಲೆ ಬಂದು ಉದುರಿ ಹೋಗೋಕೆ ಸುಮಾರು 28 ದಿನ ಬೇಕು, ವಯಸ್ಸಾದಂಗೆ ಇನ್ನೂ ನಿಧಾನ. ಸರಿಯಾಗಿ ಉದುರದೆ ಕೂತ್ರೆ ಮುಖ ಮಂಕಾಗಿ ಒರಟಾಗಿ ಕಾಣುತ್ತೆ, ರಂಧ್ರ ಕಟ್ಕೊಳ್ಳುತ್ತೆ. ಈ ಮೆಷಿನ್ ಆ ಮೇಲಿನ ಪದರಾನ ಮೆಲ್ಲಗೆ ಉಜ್ಜಿ ತೆಗೆದು ಜೊತೆಜೊತೆಗೇ ಗಾಳಿಯಿಂದ ಎಳ್ಕೊಳ್ಳುತ್ತೆ. 1985ರಲ್ಲಿ ಇಟಲಿಯಲ್ಲಿ ಶುರುವಾದ ವಿಧಾನ ಇದು. ಮೊದಲಿನ ಮೆಷಿನ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಹರಳಿನ ಪುಡೀನ ಚರ್ಮದ ಮೇಲೆ ಚಿಮ್ಮಿಸಿ ವಾಪಸ್ ಎಳೀತಿದ್ರು, ಆ ಪುಡಿ ಕಣ್ಣಿಗೆ ಬಿದ್ರೆ ಅಪಾಯ. ಈಗ ಹೆಚ್ಚಿನ ಕಡೆ ವಜ್ರದ ಪುಡಿ ಕೂರಿಸಿರೋ ತುದಿ ಬಳಸ್ತಾರೆ, ಅದರಲ್ಲಿ ಹಾರೋ ಪುಡಿ ಇರಲ್ಲ. ಡರ್ಮಾಬ್ರೇಷನ್ ಅಂತ ಹಳೇದೊಂದು ಇದೆ, ಅದು ಬೇರೆನೇ, ಮರಗಟ್ಟಿಸಿ ಆಳವಾಗಿ ಉಜ್ಜೋದು, ರಕ್ತ ಬರುತ್ತೆ, ವಾರಗಟ್ಟಲೆ ಮನೇಲಿರ್ಬೇಕು. ಎರಡನ್ನೂ ಒಂದೇ ಅಂತ ಹೆದರ್ಕೋಬೇಡಿ, ಮೈಕ್ರೋದಲ್ಲಿ ಇಂಜೆಕ್ಷನ್ ಇಲ್ಲ, ರಕ್ತ ಇಲ್ಲ, ಮುಗಿಸ್ಕೊಂಡು ಸ್ಕೂಟಿ ಓಡಿಸ್ಕೊಂಡು ಮನೆಗೆ ಬರ್ಬಹುದು.

ರಜೆ ಶುರುವಾದ ವಾರ ಹೋದೆ. ಒಂದು ವಾರ ಮುಂಚೆನೇ ಅಡಾಪಲೀನ್ ನಿಲ್ಲಿಸೋಕೆ ಹೇಳಿದ್ರು, ಥ್ರೆಡಿಂಗ್ ವ್ಯಾಕ್ಸಿಂಗ್ ಬ್ಲೀಚ್ ಯಾವ್ದೂ ಬೇಡ ಅಂದಿದ್ರು. ರಿಸೆಪ್ಷನಲ್ಲಿ ಪ್ಯಾಕೇಜ್ ಮಾತು ಶುರುವಾಯ್ತು, ಆರು ಸಿಟ್ಟಿಂಗ್ ದುಡ್ಡು ಈಗ್ಲೇ ಕಟ್ಟಿದ್ರೆ ಒಂದು ಫ್ರೀ, ಹೈಡ್ರಾಫೇಶಿಯಲ್ ಅನ್ನೋ ಇನ್ನೊಂದು ಟ್ರೀಟ್‌ಮೆಂಟ್‌ಗೆ ಹೋದ್ರೆ ಇಷ್ಟು, ಅಂತ ಹಾಳೆ ಮುಂದಿಟ್ರು. ಒಂದೊಂದೇ ಕಟ್ತೀನಿ ಅಂದೆ. ಒಂದಕ್ಕೆ 2,000, ಮೇಲೆ ಜಿಎಸ್‌ಟಿ. ನನ್ನ ಸಲಹೆನೂ ಅದೇ, ಮೊದಲ ಸಿಟ್ಟಿಂಗ್ ನಿಮ್ಮ ಚರ್ಮ ಹೆಂಗೆ ತಡ್ಕೊಳ್ಳುತ್ತೆ ನೋಡದೆ ಇಡೀ ದುಡ್ಡು ಕಟ್ಬೇಡಿ, ವಾಪಸ್ ಕೊಡಲ್ಲ ಅಂತ ಅದೇ ಹಾಳೆ ಕೆಳಗೆ ಬರ್ದಿತ್ತು. ಇದು ಸೌಂದರ್ಯದ ಚಿಕಿತ್ಸೆ ಆದ್ರಿಂದ ಹೆಲ್ತ್ ಇನ್ಶೂರೆನ್ಸಲ್ಲೂ ಬರಲ್ಲ, ಬಿಲ್ ಇಟ್ಕೊಂಡು ಓಡಾಡೋ ಶ್ರಮ ಬೇಡ.

ಆಮೇಲೆ ಒಪ್ಪಿಗೆ ಪತ್ರ. ಪೂರ್ತಿ ಇಂಗ್ಲಿಷಲ್ಲಿತ್ತು, ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ರು ಓದದೇ ಹೆಬ್ಬೆಟ್ಟು ಒತ್ತಿದ್ದು ನೋಡಿ ಸಂಕಟ ಆಯ್ತು. ನಾನು ನರ್ಸ್ ಅಕ್ಕನ್ನ ಕೂರಿಸ್ಕೊಂಡು ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿಸ್ಕೊಂಡೆ. ಅದರಲ್ಲಿ ಕೇಳೋದು ಇಷ್ಟು: ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದೀರಾ, ತುಟಿ ಅಂಚಲ್ಲಿ ಪದೇಪದೇ ನೀರುಗುಳ್ಳೆ ಏಳುತ್ತಾ, ಗಾಯ ಆದ್ರೆ ಉಬ್ಬಿ ಬೆಳೆಯೋ ಗುಣ ಇದೆಯಾ, ಮುಖದ ಮೇಲೆ ನರೂಲಿ ಇದೆಯಾ, ಶುಗರ್ ಇದೆಯಾ, ಅಲರ್ಜಿ ಏನಿದೆ. ಆ ಮಾತ್ರೆ ತಗೊಂಡೋರಿಗೆ ಮುಂಚೆ ಆರು ತಿಂಗಳು ಬಿಟ್ಟು ಬನ್ನಿ ಅಂತಿದ್ರಂತೆ, ಈಗ ಮೇಲ್ಮೇಲಿನ ಚಿಕಿತ್ಸೆಗೆ ಅಷ್ಟು ಕಾಯಬೇಕಿಲ್ಲ ಅನ್ನೋ ಡಾಕ್ಟರ್‌ಗಳೂ ಇದ್ದಾರೆ, ಏನೇ ಆಗ್ಲಿ ಮುಚ್ಚಿಡಬೇಡಿ. ನೀರುಗುಳ್ಳೆ ವಿಷಯ ಸಣ್ಣದಲ್ಲ, ಅದು ಹರ್ಪಿಸ್ ವೈರಸ್, ಇದ್ದಾಗ ಉಜ್ಜಿದ್ರೆ ಮುಖದ ತುಂಬಾ ಹರಡಬಹುದು. ನನ್ನ ಜೊತೆ ಬರ್ತಿದ್ದ ನಮ್ಮ ಸ್ಕೂಲಿನ ಹಿಂದಿ ಟೀಚರ್‌ಗೆ ಸರಿಯಾಗಿ ಸಿಟ್ಟಿಂಗ್ ಹಿಂದಿನ ದಿನ ಎದ್ದಿತ್ತು, ವಾಪಸ್ ಕಳಿಸಿ ಮೊದಲು ಅದಕ್ಕೆ ಔಷಧಿ ಕೊಟ್ರು.

ಒಪ್ಪಿಗೆ ಪತ್ರದ ಕೊನೇಲಿ ನಿಮ್ಮ ಫೋಟೋನ ಪ್ರಚಾರಕ್ಕೆ ಬಳಸ್ಕೊಳ್ಳೋಕೆ ಒಪ್ಪಿಗೆ ಇದೆ ಅಂತ ಒಂದು ಸಾಲಿತ್ತು. ಅದನ್ನ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡ್ದೆ, ಯಾರೂ ಏನೂ ಅನ್ನಲಿಲ್ಲ. ಹೆಣ್ಮಕ್ಕಳು ಈ ಸಾಲು ಮಾತ್ರ ಹುಡುಕಿ ನೋಡಿ. ಫೋಟೋ ತೆಗೀಲಿ, ಫೈಲಿಗೆ ಬೇಕು, ಒಂದು ಕಾಪಿ ನಿಮ್ಮ ಮೊಬೈಲಿಗೂ ಹಾಕಿಸ್ಕೊಳ್ಳಿ, ದಿನಾ ಕನ್ನಡಿ ನೋಡೋ ನಮಗೆ ಬದಲಾವಣೆ ಗೊತ್ತಾಗಲ್ಲ.

ಒಳಗೆ ಮಂಚದ ಮೇಲೆ ಮಲಗಿಸಿ, ಕೂದಲಿಗೆ ಬ್ಯಾಂಡ್ ಹಾಕಿ, ಮುಖ ತೊಳೆದು ಚೆನ್ನಾಗಿ ಒಣಗಿಸಿದ್ರು. ಕಣ್ಣಿನ ಮೇಲೆ ಒದ್ದೆ ಹತ್ತಿ. ಡಾಕ್ಟರೇ ಮಾಡಿದ್ರು. ತುದಿಯನ್ನ ನನ್ನ ಎದುರಿಗೇ ಸ್ಟೆರಿಲೈಜ್ ಮಾಡಿದ ಕವರ್ ಹರಿದು ತೆಗೆದ್ರು, ಇದನ್ನ ನೀವೂ ಕೇಳಿ, ಒಬ್ಬರ ಮುಖಕ್ಕೆ ಹಾಕಿದ್ದನ್ನ ಸ್ಪಿರಿಟಲ್ಲಿ ಒರೆಸಿ ಇನ್ನೊಬ್ಬರಿಗೆ ಹಾಕೋದು ಸರಿಯಲ್ಲ. ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಓಡಿಸಿ ತೋರಿಸಿದ್ರು, ಆಮೇಲೆ ಹಣೆ. ಎಡಗೈ ಎರಡು ಬೆರಳಲ್ಲಿ ಚರ್ಮಾನ ಬಿಗಿಯಾಗಿ ಎಳೆದು ಹಿಡೀತಾರೆ, ಬಲಗೈಲಿ ಪೆನ್ನಿನಂಥ ಹಿಡೀನ ಅದರ ಮೇಲೆ ಎಳೀತಾರೆ. ಒಂದು ಸಲ ಅಡ್ಡಕ್ಕೆ, ಒಂದು ಸಲ ಉದ್ದಕ್ಕೆ, ಅಷ್ಟೇ. ಒಣಗಿದ ಹೀರೇಕಾಯಿ ನಾರಲ್ಲಿ ಉಜ್ಜಿದ ಹಾಗಿರುತ್ತೆ, ಜೊತೆಗೆ ಒಳಗಿಂದ ಎಳೆದ ಹಾಗೆ. ನೋವಲ್ಲ. ಮೂಗಿನ ಪಕ್ಕ ಮಾತ್ರ ಕಣ್ಣಲ್ಲಿ ನೀರು ಬಂತು. ಕಣ್ಣಿನ ಕೆಳಗೆ, ಕತ್ತಿನ ಮೇಲೆ ಎಳೆತ ಕಡಿಮೆ ಮಾಡಿದ್ರು, ರೆಪ್ಪೆ ಮುಟ್ಟಲಿಲ್ಲ. ಎಲ್ಲ ಸೇರಿ ಅರ್ಧ ಗಂಟೆ. ಮುಗಿದ್ಮೇಲೆ ಆ ಹಿಡಿಯೊಳಗಿಂದ ಸಣ್ಣ ಫಿಲ್ಟರ್ ತೆಗೆದು ತೋರಿಸಿದ್ರು, ನಾಣ್ಯದಷ್ಟೂ ಇಲ್ಲ, ಅದರ ಮೇಲೆ ಬೂದಿ ಬಣ್ಣದ ಹಿಟ್ಟು ಮೆತ್ತಿತ್ತು, ಇದೇ ನೋಡಮ್ಮ ನಿನ್ನ ಸತ್ತ ಚರ್ಮ ಅಂದ್ರು. ಬೆರಳಲ್ಲಿ ಮುಟ್ಟಿ ನೋಡ್ದೆ, ಪೌಡರ್‌ಗಿಂತ ನಯ.

ತಣ್ಣಗಿನ ಸಲೈನಲ್ಲಿ ಅದ್ದಿದ ಬಟ್ಟೆ ಇಟ್ಟು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿ ಕಳಿಸಿದ್ರು. ಸಂಜೆ ಹೊತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ, ಬಿಸಿಲಿಗೆ ಸಿಗದೆ ಮನೆ ಸೇರ್ಕೋಬಹುದು. ಆ ರಾತ್ರಿ ಮುಖ ಕೆಂಪಗೆ ಬಿಸಿಬಿಸಿ ಇತ್ತು, ಬೆಳಗ್ಗೆ ಹೊತ್ತಿಗೆ ಇಳಿದಿತ್ತು. ಎರಡ್ಮೂರು ದಿನ ಬಿಗಿದ ಹಾಗೆ, ಮೂಗಿನ ಪಕ್ಕ ಸ್ವಲ್ಪ ಹೊಟ್ಟು ಎದ್ದಿತ್ತು, ಕೀಳಬೇಡಿ. ಮುಖ ತೊಳೆಯೋವಾಗ ಕೈ ಜಾರೋ ಹಾಗೆ ನುಣುಪಾಗಿತ್ತು, ಅಷ್ಟು ವರ್ಷದಲ್ಲಿ ನನ್ನ ಹಣೆ ಅಷ್ಟು ನಯವಾಗಿ ಇರ್ಲೇ ಇಲ್ಲ, ಖುಷಿಗೆ ಅಮ್ಮನ ಕೈ ಹಿಡಿದು ಮುಟ್ಟಿಸ್ದೆ. ಒಂದು ಎಚ್ಚರ, ಮೇಲಿನ ಪದರ ಹೋಗಿರೋದ್ರಿಂದ ಏನು ಹಚ್ಚಿದ್ರೂ ಮಾಮೂಲಿಗಿಂತ ಜಾಸ್ತಿ ಒಳಗೆ ಇಳಿಯುತ್ತೆ. ಒಳ್ಳೇ ಔಷಧಿಗೂ ಹಾಗೇ, ಕೆಟ್ಟದಕ್ಕೂ ಹಾಗೇ. ನಿಂಬೆಹಣ್ಣು, ಟೂತ್‌ಪೇಸ್ಟ್, ಘಾಟು ವಾಸನೆ ಇರೋ ಕ್ರೀಮು, ಸ್ಕ್ರಬ್ಬು ಯಾವ್ದೂ ಬೇಡ. ರಾತ್ರಿ ಜೆಲ್ ಮತ್ತೆ ಶುರು ಮಾಡೋಕೆ ಅವರು ಹೇಳೋವರ್ಗೂ ಕಾಯಿರಿ.

ಮುಂದಿನದಕ್ಕೆ ಎರಡು ಮೂರು ವಾರ ಬಿಟ್ಟು ಬಾ ಅನ್ನೋರು, ಹೊಸ ಪದರ ಬರೋಕೆ ಸಮಯ ಬೇಕಲ್ಲ. ಎಲ್ಲ ಚೆನ್ನಾಗಿ ಹೋಗ್ತಿತ್ತು. ನಡುವೆ ಒಂದು ಸಲ ಹೋದಾಗ ಡಾಕ್ಟರ್ ಊರಲ್ಲಿರ್ಲಿಲ್ಲ, ಅಸಿಸ್ಟೆಂಟ್ ಹುಡುಗಿ ನಾನೇ ಮಾಡ್ತೀನಿ ಮೇಡಂ, ದಿನಾ ಮಾಡ್ತೀನಿ ಅಂದ್ಳು. ರಜೆ ಹಾಕಿ ಬಂದಿದ್ದೆ, ಸರಿ ಅಂತ ಮಲಗ್ದೆ. ಆಕೆ ಚರ್ಮ ಎಳೆದು ಹಿಡೀತಾನೇ ಇರ್ಲಿಲ್ಲ, ಕೆನ್ನೆ ಮೂಳೆ ಮೇಲೆ ಕಲೆ ಜಾಸ್ತಿ ಇದೆ ಅಂತ ಅಲ್ಲೇ ಮತ್ತೆ ಮತ್ತೆ ಓಡಿಸಿದ್ಳು. ಉರೀತಿದೆ ಅಂದೆ. ಸ್ವಲ್ಪ ಉರೀಬೇಕು ಮೇಡಂ, ಆಗ್ಲೇ ರಿಸಲ್ಟ್ ಬರೋದು ಅಂದ್ಳು. ಮನೆಗೆ ಬಂದು ಲೈಟಲ್ಲಿ ನೋಡಿದ್ರೆ ಬಲಗೆನ್ನೆ ಮೇಲೆ ಕೆಂಪು ಗೀರುಗಳು, ಮಧ್ಯೆ ಸೂಜಿ ಮೊನೆಯಷ್ಟು ರಕ್ತದ ಚುಕ್ಕೆ. ಒಂದು ವಾರದಲ್ಲಿ ಕೆಂಪು ಇಳಿದು ಅದೇ ಜಾಗ ಕಂದು ಪಟ್ಟೆ ಆಗಿ ನಿಂತ್ಕೊಳ್ತು.

ಆ ದಿನಗಳು ತುಂಬಾ ಕಷ್ಟ ಆಯ್ತು. ಕಲೆ ಹೋಗ್ಲಿ ಅಂತ ದುಡ್ಡು ಕೊಟ್ಟು ಹೊಸ ಕಲೆ ತಂದ್ಕೊಂಡ ಹಾಗಾಯ್ತಲ್ಲ ಅಂತ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಸ್ಕೂಲಲ್ಲಿ ಎಲ್ಲರೂ ಏನಾಯ್ತು ಮಿಸ್ ಅಂತ ಕೇಳೋದು, ಮದುವೆ ಬೇರೆ ಹತ್ತಿರ. ಡಾಕ್ಟರ್ ಬಂದ ದಿನವೇ ಹೋಗಿ ತೋರಿಸ್ದೆ. ಅವರು ನೋಡಿ ಬೇಜಾರು ಮಾಡ್ಕೊಂಡ್ರು, ತಪ್ಪಾಗಿದೆ ಅಂತ ನೇರವಾಗಿ ಒಪ್ಕೊಂಡ್ರು. ನಮ್ಮಂಥ ಕಂದು ಚರ್ಮದೋರಿಗೆ ಗಾಯ ಆಗ್ಲಿ ಉರಿ ಆಗ್ಲಿ ಆದ ಜಾಗದಲ್ಲಿ ಬಣ್ಣದ ಕೋಶಗಳು ಜಾಸ್ತಿ ಮೆಲನಿನ್ ಮಾಡ್ತವೆ, ಅದೇ ಈ ಪಟ್ಟೆ. ಒರಟು ತುದಿ ಹಾಕಿ ಆಳಕ್ಕೆ ಉಜ್ಜಿದ್ರೆ ಕೊಲಾಜನ್, ಅಂದ್ರೆ ಚರ್ಮಾನ ಬಿಗಿಯಾಗಿಡೋ ಪ್ರೋಟೀನ್, ಹುಟ್ಟೋದು ನಿಜ, ಆದ್ರೆ ನಮ್ಮ ಚರ್ಮಕ್ಕೆ ಆ ಆಸೆ ದುಬಾರಿ, ತಿಳಿ ಗುಲಾಬಿ ಆಗೋಷ್ಟಕ್ಕೆ ನಿಲ್ಲಿಸ್ಬೇಕು ಅಂದ್ರು. ಸದ್ಯಕ್ಕೆ ಮೆಷಿನ್ ಪೂರ್ತಿ ನಿಲ್ಲಿಸಿ, ಮೊದಲು ಬರೀ ಮಾಯಿಶ್ಚರೈಸರ್ ಸನ್‌ಸ್ಕ್ರೀನ್, ಉರಿ ಹೋದ್ಮೇಲೆ ಕಲೆ ತಿಳಿ ಮಾಡೋ ಅಜೆಲೈಕ್ ಆಸಿಡ್ ಕ್ರೀಮ್ ಕೊಟ್ರು. ಇಂಥ ಪಟ್ಟೆ ಹೋಗೋಕೆ ತಿಂಗಳುಗಳೇ ಬೇಕು, ತಾಳ್ಮೆ ಬೇಕು ಅಂತ ಮೊದಲೇ ಹೇಳಿದ್ರು. ಮುಂದಿನದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ಇನ್ಮೇಲೆ ಡಾಕ್ಟರೇ ಮಾಡ್ಬೇಕು ಅಂತ ನನ್ನ ಫೈಲ್ ಮೇಲೆ ದಪ್ಪಕ್ಷರದಲ್ಲಿ ಬರೆಸ್ದೆ.

ಅದಕ್ಕೆ ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ಅಪಾಯಿಂಟ್‌ಮೆಂಟ್ ತಗೊಳ್ಳೋ ಫೋನಲ್ಲೇ ಮೆಷಿನ್ ಹಿಡಿಯೋದು ಯಾರು ಅಂತ ಕೇಳಿ. ಉರಿ ಅನ್ನಿಸಿದ ಕ್ಷಣ ನಿಲ್ಲಿಸಿ ಅನ್ನಿ, ಎದ್ದು ಕೂತ್ಕೊಳ್ಳಿ. ಮಲಗಿರೋವಾಗ ನಾವು ಮಾತಾಡೋಕೆ ಹಿಂಜರೀತೀವಿ, ಅವರಿಗೆ ಗೊತ್ತಿರುತ್ತೆ ಬಿಡು ಅಂದ್ಕೊಳ್ತೀವಿ, ಆದ್ರೆ ಮುಖ ನಮ್ಮದು.

ಅಮ್ಮನಿಗೂ ಆಸೆ ಆಯ್ತು. ಅವರಿಗೆ ಎರಡೂ ಕೆನ್ನೆ ಮೇಲೆ ಬಂಗು ಇದೆ, ನಾನು ಹುಟ್ಟಿದಾಗಿಂದ. ಒಂದಿನ ಕರ್ಕೊಂಡು ಹೋದೆ. ಲೈಟ್ ಆರಿಸಿ ನೇರಳೆ ಬಣ್ಣದ ವುಡ್ಸ್ ಲ್ಯಾಂಪ್ ಹಿಡಿದು ನೋಡಿದ್ರು, ಬಣ್ಣ ಆಳದಲ್ಲಿದೆ, ಮೇಲೆ ಉಜ್ಜಿದ್ರೆ ಪ್ರಯೋಜನ ಇಲ್ಲ, ಉರಿ ಆದ್ರೆ ಇನ್ನೂ ಕಪ್ಪಾಗ್ಬಹುದು ಅಮ್ಮ, ಒಲೆ ಮುಂದೆ ನಿಲ್ಲೋದು ಕಡಿಮೆ ಮಾಡಿ, ಸನ್‌ಸ್ಕ್ರೀನ್ ಹಚ್ಚಿ ಅಂತ ಕಳಿಸಿದ್ರು. ದುಡ್ಡು ಬರುತ್ತೆ ಅಂತ ಹ್ಞೂಂ ಅನ್ನದೆ ಬೇಡ ಅಂದ ಡಾಕ್ಟರ್ ಮೇಲೆ ನನಗೆ ನಂಬಿಕೆ ಮತ್ತೆ ಗಟ್ಟಿ ಆಯ್ತು.

ಮದುವೆಗೆ ಮುಂಚಿನ ಸಿಟ್ಟಿಂಗ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಮದುವೆ ಇದೆ ಅಂತ ಬರೋರೆಲ್ಲ ಹಿಂದಿನ ದಿನ ಮಾಡಿ ಅಂತಾರಂತೆ. ಕನಿಷ್ಠ ಒಂದು ವಾರ ಹತ್ತು ದಿನ ಮುಂಚೆ ಮುಗಿಸ್ಬೇಕು. ನಮ್ಮಲ್ಲಿ ಅರಿಶಿನ ಶಾಸ್ತ್ರ ಅಂದ್ರೆ ಮದುಮಗನಿಗೆ ಹಚ್ಚಿ ಬಿಡಲ್ಲ, ಅಕ್ಕ ತಂಗಿ ಅತ್ತಿಗೆ ಯಾರು ಸಿಕ್ರೂ ಮೆತ್ತೋದೇ, ಅದರಲ್ಲೂ ಕೆಲವರು ಅಂಗಡಿ ಪುಡಿ, ಸುಣ್ಣ ಎಲ್ಲ ಬೆರೆಸಿರ್ತಾರೆ. ಆಗಷ್ಟೇ ಉಜ್ಜಿದ ಮುಖಕ್ಕೆ ಅದು ಬಿದ್ರೆ ಉರಿದು ಹೋಗುತ್ತೆ. ನಾನು ಮೊದಲೇ ಅತ್ತೆಯಂದಿರಿಗೆಲ್ಲ ಹೇಳಿ ಕೈಗೆ ಮಾತ್ರ ಹಚ್ಚಿಸ್ಕೊಂಡೆ. ಹೋಳಿ ಆಡೋರೂ ಅಷ್ಟೇ, ದಾವಣಗೆರೇಲಿ ಹೋಳಿ ಹೆಂಗಿರುತ್ತೆ ಅಂತ ಗೊತ್ತಲ್ಲ, ಅದರ ಹಿಂದೆ ಮುಂದೆ ಇದನ್ನ ಇಟ್ಕೊಳ್ಳಬೇಡಿ.

ಮದುವೆ ದಿನಕ್ಕೆ ಆ ಪಟ್ಟೆ ಬಹುತೇಕ ತಿಳಿಯಾಗಿತ್ತು, ಮೇಕಪ್ ಹಾಕಿದ್ರೆ ಗೊತ್ತಾಗ್ತಿರ್ಲಿಲ್ಲ. ಮೇಕಪ್ ಹಾಕಿದ ಹುಡುಗಿ ಬೇಸ್ ಎಷ್ಟು ಚೆನ್ನಾಗಿ ಕೂತಿದೆ ಅಕ್ಕ ಅಂದ್ಳು, ಮುಂಚೆ ಹಣೆ ಮೇಲೆ ಹೊಟ್ಟು ಹೊಟ್ಟಾಗಿ ಏಳ್ತಿತ್ತು.

ಈಗ ಮೊದಲ ದಿನದ ಫೋಟೋ ಪಕ್ಕ ಇಟ್ಟು ನೋಡಿದ್ರೆ ಏನು ಬದಲಾಗಿದೆ ಅಂತ ಹೇಳ್ತೀನಿ. ಮುಟ್ಟಿದ್ರೆ ನಯ, ಇದು ದೊಡ್ಡ ಲಾಭ, ಫೋಟೋದಲ್ಲಿ ಕಾಣದಿದ್ರೂ ನಮಗೆ ಗೊತ್ತಾಗುತ್ತೆ. ಮಂಕು ಹೋಗಿ ಮುಖ ಒಂದು ತರ ತಿಳಿಯಾಗಿದೆ. ಮೂಗಿನ ಬ್ಲ್ಯಾಕ್‌ಹೆಡ್ಸ್ ಕಡಿಮೆ ಆಗಿವೆ, ಪೂರ್ತಿ ಹೋಗಿಲ್ಲ, ಬಿಟ್ರೆ ಮತ್ತೆ ಬರ್ತವೆ. ಹಳೇ ಕಂದು ಕಲೆ ಮಾಸಿವೆ, ಆದ್ರೆ ಇದರಲ್ಲಿ ಅರ್ಧ ಪಾಲು ರಾತ್ರಿ ಜೆಲ್ ಮತ್ತು ಸನ್‌ಸ್ಕ್ರೀನ್‌ದು ಅಂತ ಡಾಕ್ಟರೇ ಹೇಳಿದ್ರು. ಗುಳಿಗಳು ಹಾಗೇ ಇವೆ. ಸೂಜಿ ಚುಚ್ಚಿದಂಥ ಆಳದ ಗುಳಿಗೆ ಇದು ತಲುಪೋದೇ ಇಲ್ಲ, ಯಾರಾದ್ರೂ ಗುಳಿ ತುಂಬಿಸ್ತೀವಿ ಅಂತ ಹೇಳಿ ಮೈಕ್ರೋಡರ್ಮಾಬ್ರೇಷನ್ ಪ್ಯಾಕೇಜ್ ಮಾರಿದ್ರೆ ನಂಬಬೇಡಿ. ಬಣ್ಣನೂ ಬದಲಾಗಿಲ್ಲ, ಬದಲಾಗೋದೂ ಇಲ್ಲ, ನಾನು ಮೊದಲು ಯಾವ ಬಣ್ಣ ಇದ್ನೋ ಅದೇ ಬಣ್ಣ, ಟ್ಯಾನ್ ಇಳಿದು ಸಮವಾಗಿದೆ ಅಷ್ಟೇ. ಮದುವೆ ಮನೇಲಿ ಬೆಳ್ಳಗಾಗಿದ್ದೀಯಲ್ಲ ಅಂತ ಕೇಳಿದೋರಿಗೆಲ್ಲ ಇದನ್ನೇ ಹೇಳ್ದೆ, ನಮ್ಮ ಬಣ್ಣದಲ್ಲಿ ಸರಿಪಡಿಸೋ ಅಂಥದ್ದು ಏನೂ ಇಲ್ಲ.

ಖರ್ಚು ಕೇಳೋರಿಗೆ, ಸಿಟ್ಟಿಂಗ್ ದುಡ್ಡು, ಕನ್ಸಲ್ಟೇಷನ್, ಕ್ರೀಮು, ಸನ್‌ಸ್ಕ್ರೀನ್ ಎಲ್ಲ ಸೇರಿಸಿ ನನ್ನ ಒಂದು ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಬೆಂಗಳೂರಲ್ಲಿ ಒಂದು ಸಿಟ್ಟಿಂಗಿಗೇ ಇದರ ಒಂದೂವರೆ ಎರಡರಷ್ಟು ತಗೊಳ್ತಾರೆ ಅಂತ ಅತ್ತಿಗೆ ಹೇಳಿದ್ರು. ಅಷ್ಟು ದುಡ್ಡಿಲ್ಲದೋರು ಮೆಡಿಕಲ್ ಕಾಲೇಜ್ ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ಮೊದಲು ತೋರಿಸಿ, ಕ್ಯೂ ಇರುತ್ತೆ, ಆದ್ರೆ ಕಮ್ಮಿ ದುಡ್ಡಲ್ಲಿ ತಜ್ಞರೇ ನೋಡ್ತಾರೆ. ಕಲೆಗೆ ಎಷ್ಟೋ ಸಲ ಜೆಲ್ಲು ಸನ್‌ಸ್ಕ್ರೀನೇ ಸಾಕಾಗುತ್ತೆ, ಮೆಷಿನ್ ಬೇಕಾ ಬೇಡವಾ ಅಂತ ಅಲ್ಲೇ ಗೊತ್ತಾಗುತ್ತೆ.

ನಮ್ಮಂಥ ಬಿಸಿಲಿನ ಕೆಲಸದೋರು, ಹೊಲಕ್ಕೆ ಹೋಗೋರು, ಡೆಲಿವರಿ ಮಾಡೋರು, ಟ್ರಾಫಿಕ್‌ನಲ್ಲಿ ನಿಲ್ಲೋರು ಮಾಡಿಸ್ಕೊಳ್ಳೋ ಹಾಗಿದ್ರೆ ಬೇಸಿಗೆ ಬಿಟ್ಟು ರಜೆ ಸಿಗೋ ಸಮಯ ನೋಡ್ಕೊಳ್ಳಿ, ಮುಗಿದ ಮೇಲೆ ನಾಲ್ಕೈದು ದಿನನಾದ್ರೂ ನೆರಳಲ್ಲಿ ಇರೋಕೆ ಆಗ್ಬೇಕು. ಆಗಲ್ಲ ಅಂದ್ರೆ ಮಾಡಿಸ್ಕೊಳ್ಳದೇ ಇರೋದೇ ಒಳ್ಳೇದು, ಹೊಸ ಕಲೆ ಬೀಳುತ್ತೆ. ಗುಳಿಗಳಿಗೆ ಮೈಕ್ರೋನೀಡ್ಲಿಂಗ್, ಅಂದ್ರೆ ಸಣ್ಣ ಸಣ್ಣ ಸೂಜಿಯಿಂದ ಚುಚ್ಚೋ ಚಿಕಿತ್ಸೆ, ಮಾಡ್ಬಹುದು ಅಂದಿದ್ದಾರೆ, ಈ ವರ್ಷದ ಕ್ರೀಡಾಕೂಟ ಎಲ್ಲ ಮುಗೀಲಿ, ದಸರಾ ರಜೇಲಿ ಹೋಗಿ ವಿಚಾರಿಸ್ತೀನಿ. ಯಾರಿಗಾದ್ರೂ ಇದರಲ್ಲಿ ಏನಾದ್ರೂ ಅರ್ಥ ಆಗದೇ ಇದ್ರೆ ಕೇಳಿ, ಗೊತ್ತಿರೋಷ್ಟು ಹೇಳ್ತೀನಿ.